ಹತ್ತು ಅಕ್ಷರಗಳಲ್ಲಿ ಬರೆಯಲಾಗದ ಪ್ರಶ್ನೆ: ನಲಿ-ಕಲಿಯ ಓದು ಮತ್ತು ವಿಮರ್ಶಾತ್ಮಕ ಸಾಕ್ಷರತೆ

ಎಳೆಯ ಮಕ್ಕಳಿಗೆ ವಿಮರ್ಶಾತ್ಮಕ ಸಾಕ್ಷರತೆಯನ್ನು ಕಲಿಸಬಹುದೇ ಎಂದು ಕೇಳಿದರೆ ನಮ್ಮ ಶಿಕ್ಷಣ ವಲಯದಲ್ಲಿ ಸಿದ್ಧ ಉತ್ತರವೊಂದಿದೆ: ಮೊದಲು ಓದಲು ಕಲಿಯಲಿ, ಪ್ರಶ್ನಿಸುವುದು ಆಮೇಲೆ. ಈ ಉತ್ತರ ಎಷ್ಟು ಸಹಜವೆನಿಸುತ್ತದೆಂದರೆ ಅದನ್ನು ಯಾರೂ ಒಂದು ಸಿದ್ಧಾಂತವೆಂದು ಪರಿಗಣಿಸುವುದಿಲ್ಲ. ಆದರೆ ಅದು ಸಿದ್ಧಾಂತವೇ. ಓದುವುದೆಂದರೆ ಲಿಪಿಯನ್ನು ಬಿಡಿಸುವುದು; ಅರ್ಥ ಮತ್ತು ಅಧಿಕಾರದ ಪ್ರಶ್ನೆಗಳು ಆ ತಳಪಾಯದ ಮೇಲೆ ಮುಂದೆಂದಾದರೂ ಏರಿಸಬಹುದಾದ ಅಂತಸ್ತುಗಳು ಎಂಬ ಊಹೆ ಅದರೊಳಗೆ ಅಡಗಿದೆ. ಈ ಊಹೆಯನ್ನು ನಲಿ-ಕಲಿ ಪದ್ಧತಿಯ ಅಕ್ಷರ ಕ್ರಮದ ಮೂಲಕವೂ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮಗುವಿನ ಕಣ್ಣಿಗೆ ಬೀಳುವ ಬರಹಗಳ ಮೂಲಕವೂ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಲಿ-ಕಲಿಯನ್ನೇ ಆಯ್ದುಕೊಳ್ಳಲು ಕಾರಣ ಸ್ಪಷ್ಟ. ಅದು ಈ ಸೀಮೆಯ ಕೂಸು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಯುನಿಸೆಫ್ ನೆರವಿನೊಂದಿಗೆ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾಯಿತು. ಕೋಟೆಯ ಶಿಕ್ಷಕರೇ ಕುಳಿತು ಕಾರ್ಡುಗಳನ್ನು ರೂಪಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆ, ಬಳಿಕ 3ನೆಯ ತರಗತಿಗೂ ಹಬ್ಬಿತು. ಪಠ್ಯಪುಸ್ತಕದ ಬದಲು ಕಾರ್ಡು, ಪಾಠದ ಬದಲು ಮೈಲಿಗಲ್ಲು, ಪರೀಕ್ಷೆಯ ಬದಲು ಕಲಿಕಾ ಏಣಿ, ಬೆಂಚಿನ ಬದಲು ನೆಲದ ಮೇಲಿನ ವೃತ್ತ. ಶಿಕ್ಷಕರ ಪೂರ್ಣ ಸಹಾಯದಿಂದ ತೊಡಗಿ ಭಾಗಶಃ ಸಹಾಯ, ಸಹಪಾಠಿಗಳ ಸಹಾಯ ಎನ್ನುತ್ತ ಸ್ವಕಲಿಕೆಯವರೆಗೆ ಸಾಗುವ ಐದು ತಟ್ಟೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಬೆರೆತು ಕೂರುತ್ತಾರೆ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಕ್ಕಳನ್ನು ಸಾಲಿನಿಂದ ಎಬ್ಬಿಸಿ ವೃತ್ತದಲ್ಲಿ ಕೂರಿಸಿದ್ದು ಕರ್ನಾಟಕದ ಪ್ರಾಥಮಿಕ ಶಿಕ್ಷಣದಲ್ಲಿ ನಡೆದ ದೊಡ್ಡ ಪಲ್ಲಟಗಳಲ್ಲೊಂದು. ನಮ್ಮ ಆಕ್ಷೇಪ ವೃತ್ತದ ಬಗ್ಗೆ ಅಲ್ಲ. ವೃತ್ತದ ನಡುವೆ ಇಟ್ಟ ಪಠ್ಯದ ಬಗ್ಗೆ.

ನಲಿ-ಕಲಿಯಲ್ಲಿ ಮಗು ವರ್ಣಮಾಲೆಯ ಸಾಂಪ್ರದಾಯಿಕ ಕ್ರಮದಲ್ಲಿ ಕಲಿಯುವುದಿಲ್ಲ. ಆಕಾರದ ಹೋಲಿಕೆ, ಬರೆಯುವ ಸುಲಭತೆ, ಬೇಗನೆ ಪದ ಕಟ್ಟುವ ಸಾಧ್ಯತೆ ಇವನ್ನು ಗಮನಿಸಿ ಅಕ್ಷರಗಳನ್ನು ಗುಂಪು ಮಾಡಲಾಗಿದೆ. ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಕನ್ನಡ ಶಾಲೆಯ ಬಾಗಿಲಲ್ಲಿ ಹಾದುಹೋದವರಿಗೂ ‘ರಗಸದಅ, ಜವಮಬನ’ ಎಂಬ ಲಯ ಕಿವಿಯಲ್ಲಿ ಉಳಿದಿರುತ್ತದೆ. ಕ್ರಮ ಜಾಣತನದ್ದು. ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಅಗಸ, ದಸರ, ಗರಗಸ ಎಲ್ಲವೂ ಕೈಗೆ ಸಿಗುತ್ತವೆ. ಮೈಸೂರು ಜಿಲ್ಲೆಯ ಮಗುವಿಗೆ ದಸರ ಮೊದಲ ಐದು ಅಕ್ಷರಗಳಲ್ಲೇ ಓದಲು ಬರುವುದು ಆಕಸ್ಮಿಕವಾದರೂ ಸೊಗಸಾದ ಆಕಸ್ಮಿಕ.

ಆದರೆ ಈ ಹತ್ತು ಅಕ್ಷರಗಳ ಜಗತ್ತನ್ನು, ಸ್ವರಚಿಹ್ನೆಗಳೂ ಒತ್ತಕ್ಷರಗಳೂ ಸೇರುವ ಮುನ್ನಿನ ಸ್ಥಿತಿಯಲ್ಲಿ, ಭಾಷಾಶಾಸ್ತ್ರದ ಕಣ್ಣಿನಿಂದ ನೋಡಿ. ಇಲ್ಲಿ ಬರೆಯಬಹುದಾದ ಪ್ರತಿಯೊಂದು ಪದವೂ ಅಕಾರಾಂತ. ಕನ್ನಡದಲ್ಲಿ ಅಕಾರಾಂತವಾದ ಮನುಷ್ಯವಾಚಿ ನಾಮಪದಗಳು ಬಹುಮಟ್ಟಿಗೆ ಪುಲ್ಲಿಂಗ: ಅರಸ, ಅಗಸ, ಮಗ, ಅವ. ಇವುಗಳ ಸ್ತ್ರೀಲಿಂಗ ರೂಪಗಳಾದ ಅರಸಿ, ಅಗಸಗಿತ್ತಿ, ಮಗಳು, ಅವಳು ಗುಡಿಸನ್ನೋ ಕೊಂಬನ್ನೋ ಒತ್ತನ್ನೋ ಬೇಡುತ್ತವೆ. ಅಂದರೆ ಹೆಂಗಸು ಓದಿನ ಲೋಕಕ್ಕೆ ಕಾಗುಣಿತ ಬರುವ ತನಕ ಕಾಯಬೇಕು. ಅಪವಾದವಿದೆ: ವನಜ, ರಮ ಮುಂತಾದ ಸಂಸ್ಕೃತಮೂಲದ ಹೆಸರುಗಳು, ಕೊನೆಯ ದೀರ್ಘವನ್ನು ಕಳೆದುಕೊಂಡು, ಈ ಹತ್ತರಲ್ಲೇ ಬರೆಯಲು ಸಿಗುತ್ತವೆ. ಹಾಗಾಗಿ ಹೆಣ್ಣು ಇಲ್ಲಿ ಅಂಕಿತನಾಮವಾಗಿ ಬರಬಲ್ಲಳು, ಕಸುಬಿನ ಹೆಸರಿನಿಂದಾಗಲಿ ಸಂಬಂಧದ ಹೆಸರಿನಿಂದಾಗಲಿ ಬರಲಾರಳು. ‘ಅಮ್ಮ’, ‘ಅಕ್ಕ’ ಎರಡಕ್ಕೂ ಒತ್ತು ಬೇಕು. ‘ಅಜ್ಜ’ನಿಗೂ ಬೇಕೆನ್ನುವುದು ನಿಜ, ಆದರೆ ಅಜ್ಜನ ಕೊರತೆಯನ್ನು ತುಂಬಲು ಅರಸನೂ ಮಗನೂ ಇದ್ದಾರೆ.

ಕ್ರಿಯಾಪದದ ಸ್ಥಿತಿ ಇನ್ನೂ ಕುತೂಹಲಕರ. ಕನ್ನಡದ ಧಾತುಗಳು ಉಕಾರ, ಇಕಾರ, ಎಕಾರಗಳಲ್ಲಿ ಕೊನೆಗೊಳ್ಳುವುದೇ ರೂಢಿ. ಇಂದಿನ ಬರಹದ ಕನ್ನಡದ ಪೂರ್ಣಕ್ರಿಯಾಪದ ಯಾವುದಾದರೊಂದು ಸ್ವರಚಿಹ್ನೆಯಿಲ್ಲದೆ ನಿಲ್ಲುವುದಿಲ್ಲ. ಆದ್ದರಿಂದ ಈ ಹತ್ತು ಅಕ್ಷರಗಳಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಆದರೂ ವಾಕ್ಯ ಸಾಧ್ಯ, ಏಕೆಂದರೆ ಕನ್ನಡಕ್ಕೆ ನಾಮಪದವನ್ನೇ ಆಖ್ಯಾತವಾಗಿಸುವ ಶಕ್ತಿಯಿದೆ. ‘ಅವ ಅಗಸ.’ ಷಷ್ಠಿಯೂ ಅಕಾರಾಂತವಾದ್ದರಿಂದ ಇನ್ನೊಂದು ಹೆಜ್ಜೆ ಇಡಬಹುದು: ‘ಅವ ಅಗಸನ ಮಗ.’ ‘ಅವ ಅರಸನ ಮಗ.’ ಈ ವಾಕ್ಯಗಳು ಕಾರ್ಡುಗಳಲ್ಲಿವೆ ಎಂಬುದು ನಮ್ಮ ವಾದವಲ್ಲ. ಈ ಅಕ್ಷರ ಕ್ರಮ ಸೃಷ್ಟಿಸಬಲ್ಲ ಮೊದಲ ಸಂಪೂರ್ಣ ವಾಕ್ಯಗಳು ಈ ಜಾತಿಯವು ಎಂಬುದು ವಾದ. ಅವು ಒಬ್ಬ ಏನು ಮಾಡುತ್ತಾನೆಂದು ಹೇಳುವುದಿಲ್ಲ, ಅವನು ಏನಾಗಿದ್ದಾನೆ ಮತ್ತು ಯಾರಿಗೆ ಹುಟ್ಟಿದ್ದಾನೆ ಎಂದು ಹೇಳುತ್ತವೆ.

ಈಗ ಇದನ್ನು ಅಲ್ಲಗಳೆಯಲು ಯತ್ನಿಸಿ. ಅಲ್ಲ, ಇಲ್ಲ, ಬೇಡ: ಮೂರೂ ಬರೆಯಲಾಗುವುದಿಲ್ಲ. ಪ್ರಶ್ನಿಸಲು ಯತ್ನಿಸಿ. ಯಾರು, ಏನು, ಏಕೆ, ಎಲ್ಲಿ, ಹೇಗೆ, ಯಾವ: ಒಂದೂ ಬರೆಯಲಾಗುವುದಿಲ್ಲ. ವಾಕ್ಯದ ಕೊನೆಗೆ ಹತ್ತುವ ‘ಆ’, ‘ಏ’, ‘ಓ’ ಎಂಬ ಪ್ರಶ್ನಾರ್ಥಕ ಪ್ರತ್ಯಯಗಳೂ ಸ್ವರಚಿಹ್ನೆಗಳೇ. ಹೇಳಿಕೆ ಮೊದಲು, ನಿಷೇಧ ಮತ್ತು ಪ್ರಶ್ನೆ ಆಮೇಲೆ ಎಂಬ ಸಿದ್ಧಾಂತ ಇಲ್ಲಿ ಅಕ್ಷರಶಃ ಲಿಪಿಯೊಳಗೆ ಕೂತಿದೆ.

ಇದು ಲಿಪಿಯ ಪಿತೂರಿ ಎಂದು ಯಾರೂ ಭಾವಿಸಬೇಕಿಲ್ಲ. ಅದೇ ಹತ್ತು ಅಕ್ಷರಗಳು ‘ಅರಸ ಅಗಸ ಸಮ’ ಎಂಬುದನ್ನೂ ತಡೆಯುವುದಿಲ್ಲ. ಲಿಪಿ ಒಂದು ಮಿತಿಯನ್ನು ಒಡ್ಡುತ್ತದೆ, ಮಿತಿಯೊಳಗಿನ ಆಯ್ಕೆ ಪಠ್ಯ ರಚಿಸುವವರದ್ದು. ಇದೇ ಕಾರಣಕ್ಕೆ, ಪಟಗಳಿಂದ ಅಗಸನನ್ನು ತೆಗೆದು ಅಳಿಲನ್ನು ಕೂರಿಸುವ ಸುಧಾರಣೆಯನ್ನೂ ನಾವು ಒಪ್ಪುವುದಿಲ್ಲ. ಜಾತಿಯ ಹೆಸರು ಕಣ್ಣಿಗೆ ಬೀಳದಿದ್ದರೆ ಮಗುವಿಗೆ ಜಾತಿ ಕಾಣುವುದಿಲ್ಲವೆಂಬ ನಂಬಿಕೆ ಅದರ ಹಿಂದಿದೆ. ಊರಿನ ಬಾವಿಯನ್ನೂ ಗುಡಿಯ ಹೊಸ್ತಿಲನ್ನೂ ಬಲ್ಲ ಮಗುವಿನ ಬಗ್ಗೆ ಇದು ವಿಚಿತ್ರ ನಂಬಿಕೆ. ಪದ ಇರಲಿ. ಅದರ ಜೊತೆಗೆ ಒಂದು ಮಾತೂ ಇರಲಿ: ಅಗಸನ ಹೆಸರೇನು? ಅವನ ಮನೆಯವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ? ‘ಮಡಿವಾಳ’ ಎಂಬ ಪದವಿರುವಾಗ ಪಟದಲ್ಲಿ ‘ಅಗಸ’ ಏಕೆ ಬಂತು? ಎರಡಕ್ಷರ ಮೂರಕ್ಷರದ ಪದವೆಂದು ಬಂತೇ, ಬೇರೆ ಕಾರಣವಿದೆಯೇ? ಆರು ವರ್ಷದ ಮಗು ಇದನ್ನು ಬರೆಯಲಾರದು, ಆಡಬಲ್ಲದು, ಕೇಳಬಲ್ಲದು.

ಇಲ್ಲಿ ನಮ್ಮ ವಾದದ ತಿರುಳಿದೆ. ಬರಹದ ಸಾಮರ್ಥ್ಯವೂ ಮಾತಿನ ಸಾಮರ್ಥ್ಯವೂ ಆರನೆಯ ವಯಸ್ಸಿನಲ್ಲಿ ಸಮಸಮವಾಗಿರುವುದಿಲ್ಲ. ಕನ್ನಡದ ಅಕ್ಷರಗಳ ಮೇಲೆ ಹಿಡಿತ ಸಾಧಿಸಲು, ಕಾಗುಣಿತ ಒತ್ತಕ್ಷರಗಳ ಸಂಖ್ಯೆಯಿಂದಾಗಿ, ಹಲವು ವರ್ಷ ಹಿಡಿಯುತ್ತದೆ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿದೆ. ಹಾಗಿರುವಾಗ ‘ಮೊದಲು ಲಿಪಿ’ ಎಂದರೆ ಇಂಗ್ಲಿಷಿನ 26 ಅಕ್ಷರಗಳಿಗಾಗಿ ಕಾಯುವಷ್ಟು ಅಲ್ಪಾವಧಿಯಲ್ಲ. ಲಿಪಿ ಪೂರ್ಣಗೊಳ್ಳುವ ಹೊತ್ತಿಗೆ ಮಗು ಓದೆಂದರೆ ಪ್ರಶ್ನಿಸದೆ ಒಪ್ಪುವ ಕ್ರಿಯೆಯೆಂದು ನಾಲ್ಕು ವರ್ಷ ಅಭ್ಯಾಸ ಮಾಡಿರುತ್ತದೆ. ಯಾದಗಿರಿಯ ಕನ್ನಡ ಶಾಲೆಗಳನ್ನೂ ಮಹಾರಾಷ್ಟ್ರದ ವಾಡಾದ ಮರಾಠಿ ಶಾಲೆಗಳನ್ನೂ ಅಧ್ಯಯನ ಮಾಡಿದ ಭಾರತೀಯ ಭಾಷೆಗಳ ಸಾಕ್ಷರತಾ ಸಂಶೋಧನಾ ಯೋಜನೆ, ಆರಂಭಿಕ ತರಗತಿಗಳ ಬೋಧನೆ ಲಿಪಿಯ ಸುತ್ತಲೇ ಸುತ್ತುತ್ತದೆ, ಅರ್ಥಕ್ಕೆ ದೊರೆಯುವ ಜಾಗ ಕಡಿಮೆ ಎಂದು ಗುರುತಿಸಿದ್ದು ಇದಕ್ಕೆ ಪೂರಕ.

ಪ್ರತಿವಾದವನ್ನು ಅದರ ಪೂರ್ಣಬಲದಲ್ಲಿ ಎದುರಿಸಬೇಕು. ಓದಲು ಬಾರದ ಮಗುವಿಗೆ ವಿಮರ್ಶೆ ಕಲಿಸುತ್ತೇವೆನ್ನುವುದು ಬಡವರ ಮಕ್ಕಳ ಮೇಲಿನ ಪ್ರಯೋಗ. ನಗರದ ಮಗು ಮನೆಯಲ್ಲಿ ಲಿಪಿ ಕಲಿತು ಬರುತ್ತದೆ, ಹಳ್ಳಿಯ ಮಗುವಿಗೆ ಶಾಲೆಯೊಂದೇ ಗತಿ. ಆ ಸಮಯವನ್ನು ಕಸಿಯಬೇಡಿ. ಈ ಮಾತಿನಲ್ಲಿ ಸತ್ಯವಿದೆ. ಲಿಪಿಯ ಸ್ಪಷ್ಟ ಬೋಧನೆಯನ್ನು ಕೈಬಿಟ್ಟ ಯಾವ ವಿಮರ್ಶಾತ್ಮಕ ಶಿಕ್ಷಣವೂ ಆ ಮಗುವಿಗೆ ದ್ರೋಹವೇ ಸರಿ. ಆದರೆ ಪೀಟರ್ ಫ್ರೀಬಡಿ ಮತ್ತು ಅಲನ್ ಲ್ಯೂಕ್ 1990ರಲ್ಲಿ ಓದುಗನ ನಾಲ್ಕು ಪಾತ್ರಗಳನ್ನು ವಿಂಗಡಿಸಿದಾಗ (ಲಿಪಿ ಬಿಡಿಸುವವ, ಅರ್ಥ ಕಟ್ಟುವವ, ಪಠ್ಯವನ್ನು ಬಳಸುವವ, ಪಠ್ಯವನ್ನು ವಿಶ್ಲೇಷಿಸುವವ) ಅವನ್ನು ಮೆಟ್ಟಿಲುಗಳಾಗಿ ಜೋಡಿಸಲಿಲ್ಲ. ನಾಲ್ಕೂ ಬೇಕು, ಯಾವುದೊಂದೂ ಸಾಲದು. ನಮ್ಮಲ್ಲಿ ತರಬೇತಿಯ ಚಾರ್ಟುಗಳಿಗೆ ಬರುವಷ್ಟರಲ್ಲಿ ಇವು ಏಣಿಯಾಗಿಬಿಡುವುದು, ಏಣಿಯ ಕೊನೆಯ ಮೆಟ್ಟಿಲು ಪ್ರೌಢಶಾಲೆಗೆ ಹೋಗುವುದು, ಅಲ್ಲಿ ಅದು ‘ವೈಚಾರಿಕ ಪ್ರಬಂಧ’ವೆಂಬ ಪರೀಕ್ಷೆಯ ಪ್ರಶ್ನೆಯಾಗುವುದು ಬೇರೆ ಕಥೆ.

ಕಾರ್ಡಿನಿಂದ ಆಚೆಗೆ ಬರೋಣ. ಮೈಸೂರಿನಿಂದ ಬರುವ ಹೆದ್ದಾರಿಯಲ್ಲಿ ಬಿಳಿಕೆರೆಯ ಕವಲು ಸಿಗುತ್ತದೆ. ಒಂದು ದಾರಿ ಹುಣಸೂರಿಗೆ, ಇನ್ನೊಂದು ಕೆ.ಆರ್. ನಗರಕ್ಕೆ. ಕವಲಿನ ಊರಿನ ಮಗುವಿಗೆ ಮೊದಲ ಪಠ್ಯವೆಂದರೆ ಊರುಗಳ ಹೆಸರು. ಬಿಳಿಕೆರೆಯಲ್ಲಿ ಕೆರೆಯಿದೆ, ಹುಣಸೂರಿನಲ್ಲಿ ಹುಣಸೆಯಿದೆ, ಪಿರಿಯಾಪಟ್ಟಣ ಹಳಗನ್ನಡದ ‘ಪಿರಿಯ’ವನ್ನು ಹಕಾರಕ್ಕೆ ತಿರುಗಗೊಡದೆ ಕಾಪಾಡಿಕೊಂಡಂತಿದೆ. ಕೃಷ್ಣರಾಜನಗರಕ್ಕೆ ಮಾತ್ರ ಅರಸನ ಹೆಸರು. ಅದರ ಹಿಂದಿನ ಹೆಸರಾದ ಎಡತೊರೆಯಲ್ಲಿ ಹೊಳೆಯಿತ್ತು. ಹೆಸರನ್ನು ಯಾರು ಇಟ್ಟರು, ಯಾರು ಬದಲಿಸಿದರು, ಅಜ್ಜಿ ಈಗಲೂ ಏನೆನ್ನುತ್ತಾಳೆ ಎಂಬ ವಿಚಾರಣೆಗೆ ಮಗುವಿಗೆ ಸಮಾಜವಿಜ್ಞಾನದ ಪುಸ್ತಕ ಬೇಕಿಲ್ಲ. ಅಂದಹಾಗೆ ಹುಣಸೂರಿನ ಮಗುವಿಗೆ ‘ಅರಸ’ ಎಂದೊಡನೆ ಕಿರೀಟವೇ ನೆನಪಾಗಬೇಕೆಂದಿಲ್ಲ. ಇಲ್ಲಿಂದಲೇ ಆರಿಸಿಹೋಗಿ ಭೂಸುಧಾರಣೆಯನ್ನು ಜಾರಿಗೆ ತಂದ ದೇವರಾಜ ಅರಸರ ಹೆಸರೂ ಮನೆಗಳಲ್ಲಿ ಕೇಳಿಬರುತ್ತದೆ. ರಾಜ್ಯಕ್ಕೆಲ್ಲ ಒಂದೇ ಎಂದು ಅಚ್ಚಾದ ಕಾರ್ಡು ಈ ಭೇದವನ್ನು ತಿಳಿಯದು. ಕೋಟೆಯ ಶಿಕ್ಷಕರು ಬರೆದ ಕಾರ್ಡು ತಿಳಿಯಬಹುದಿತ್ತು.

ಇನ್ನೊಂದು ಪಠ್ಯ ಹೆಚ್ಚು ತೊಡಕಿನದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳು ರಾಜ್ಯದ ವರ್ಜೀನಿಯಾ ತಂಬಾಕಿನ ಸೀಮೆ. ಶಾಲೆಯ ಗೇಟಿನ ಬಳಿಯ ಫಲಕ, 2003ರ ಕಾಯ್ದೆಯನ್ವಯ, ಶಾಲೆಯಿಂದ 100 ಗಜದೊಳಗೆ ತಂಬಾಕು ಉತ್ಪನ್ನಗಳ ಮಾರಾಟವನ್ನು ನಿಷೇಧಿಸುತ್ತದೆ. ಗೋಡೆಯ ಬರಹ ತಂಬಾಕು ಸೇವನೆ ಆರೋಗ್ಯಕ್ಕೆ ಹಾನಿಕರವೆನ್ನುತ್ತದೆ. ಎರಡೂ ನಿಜ. ಆದರೆ ಗೇಟಿನಾಚೆ ಹೊಲದಲ್ಲಿ ನಿಂತ ಬೆಳೆಗೆ ಗಜದ ಲೆಕ್ಕವಿಲ್ಲ. ಆ ಬೆಳೆಯ ಪ್ರಮಾಣವನ್ನು ವರ್ಷವರ್ಷವೂ ನಿಗದಿಪಡಿಸಿ ಹರಾಜು ನಡೆಸುವುದು 1975ರ ಕಾಯ್ದೆಯಿಂದ ಹುಟ್ಟಿದ ತಂಬಾಕು ಮಂಡಳಿ. ಅದೂ ಭಾರತ ಸರ್ಕಾರದ್ದೇ, ಆದರೆ ವಾಣಿಜ್ಯ ಸಚಿವಾಲಯದ್ದು. ಗೋಡೆಯ ಮೇಲೆ ಮಾತಾಡುವ ಸರ್ಕಾರ ಆರೋಗ್ಯದ್ದು.

ಭಾಷೆಯಲ್ಲಿ ಈ ಬಿರುಕು ಹೇಗೆ ಮುಚ್ಚಿಹೋಗುತ್ತದೆ ಎಂಬುದನ್ನು ನೋಡಬೇಕು. ‘ಸೇವನೆ’ ಎಂಬ ಭಾವನಾಮಕ್ಕೆ ಕರ್ತೃ ಬೇಕಿಲ್ಲ. ಅದು ಸಂಸ್ಕೃತದ ಪದ, ಶಾಲೆಯ ಪದ. ‘ತಂಬಾಕು’ ಕಾಯ್ದೆಯ ಪದ. ಮನೆಯ ಪದ ‘ಹೊಗೆಸೊಪ್ಪು’. ಮನೆಯಲ್ಲಿ ಅದರ ಸುತ್ತ ಭಾವನಾಮಗಳಿಲ್ಲ, ಕ್ರಿಯಾಪದಗಳಿವೆ: ಸಸಿ ನೆಡುತ್ತಾರೆ, ಸೊಪ್ಪು ಮುರಿಯುತ್ತಾರೆ, ಕಡ್ಡಿಗೆ ಕಟ್ಟುತ್ತಾರೆ, ಬ್ಯಾರನ್ನಿನಲ್ಲಿ ಹದ ಮಾಡುತ್ತಾರೆ, ಬೇಲು ಕಟ್ಟಿ ಹರಾಜಿಗೆ ಒಯ್ಯುತ್ತಾರೆ. ಪ್ರತಿಯೊಂದಕ್ಕೂ ಕರ್ತೃವಿದ್ದಾನೆ, ಇದ್ದಾಳೆ. ಸೊಪ್ಪು ಕಟ್ಟುವಾಗ ಕೆಲವೊಮ್ಮೆ ಆ ಕರ್ತೃ ಮಗುವೇ. ಗೋಡೆಯ ವಾಕ್ಯದಲ್ಲಿ ಅಪಾಯಕ್ಕೊಳಗಾಗುವವನು ಸೇದುವವನೊಬ್ಬನೇ. ಹಸಿ ಸೊಪ್ಪನ್ನು ಮುಟ್ಟುವ ಕೈ ಆ ವಾಕ್ಯದೊಳಗೆ ಇಲ್ಲ. ಪೊಟ್ಟಣದ ಮೇಲಿನ ಎಚ್ಚರಿಕೆ ಎಷ್ಟು ದೊಡ್ಡದಿರಬೇಕೆಂಬುದು ನ್ಯಾಯಾಲಯದ ಮೆಟ್ಟಿಲೇರಿದ ವಿಷಯ: 85 ಶೇಕಡಾ ಜಾಗದ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದುಪಡಿಸಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಪಠ್ಯದ ಅಳತೆಗೇ ಇಷ್ಟು ಹೋರಾಟ ನಡೆಯುವುದಾದರೆ ಪಠ್ಯ ನಿರಪೇಕ್ಷವಾದ ವಸ್ತುವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ವಿಮರ್ಶಾತ್ಮಕ ಸಾಕ್ಷರತೆಯ ಆಮದಾದ ಮಾದರಿಗಳು ಎಡವುವುದೂ ಇಲ್ಲಿಯೇ. ವಿವಿಯನ್ ವಾಸ್ಕೆಜ್ ಅವರ 2004ರ ಪುಸ್ತಕ ಕೆನಡಾದ ಟೊರಾಂಟೊದಲ್ಲಿ ಮೂರರಿಂದ ಐದು ವರ್ಷದ ಮಕ್ಕಳೊಂದಿಗೆ ನಡೆಸಿದ ಕೆಲಸದ ದಾಖಲೆ. ಶಾಲೆಯ ಊಟಕೂಟದಲ್ಲಿ ಸಸ್ಯಾಹಾರಿ ಸಹಪಾಠಿಗೆ ತಿನ್ನಲೇನೂ ಇಲ್ಲವೆಂದು ಗಮನಿಸಿದ ಮಕ್ಕಳು ಪತ್ರ ಬರೆಯುತ್ತಾರೆ. ಎಳೆಯರು ವಿಮರ್ಶಿಸಲಾರರೆಂಬ ಮಾತಿಗೆ ಅದು ಸೊಗಸಾದ ಉತ್ತರ. ಅಕ್ಷರ ದಾಸೋಹದ ತಟ್ಟೆಯಲ್ಲಿ ಮೊಟ್ಟೆಯೋ ಬಾಳೆಹಣ್ಣೋ ಎಂಬ ಚರ್ಚೆ ನಡೆದ ನಮ್ಮ ರಾಜ್ಯದಲ್ಲಿ ಅದು ಪರಕೀಯವೂ ಅಲ್ಲ. ಆದರೆ ಅಲ್ಲಿ ಮಗು ಪ್ರಶ್ನಿಸುವುದು ಮಾರುವವನನ್ನು, ಆಯೋಜಿಸುವವನನ್ನು. ಮಗು ಬಳಕೆದಾರನ ಸ್ಥಾನದಲ್ಲಿದೆ. ಹುಣಸೂರಿನ ಮಗು ಉತ್ಪಾದಕನ ಸ್ಥಾನದಲ್ಲಿದೆ. ಜಾಹೀರಾತನ್ನು ಶಂಕಿಸಲು ಕಲಿಸುವ ಪಾಠವನ್ನು ಹಾಗೆಯೇ ತಂದು ಹೊಗೆಸೊಪ್ಪಿಗೆ ಅನ್ವಯಿಸಿದರೆ, ಮಗು ಮೊದಲು ಶಂಕಿಸುವುದು ಕಂಪನಿಯನ್ನಲ್ಲ, ಅಪ್ಪನನ್ನು. ಮನೆಯ ಅನ್ನದ ಬಗ್ಗೆ ನಾಚಿಕೆ ಹುಟ್ಟಿಸುವುದು ವಿಮರ್ಶೆಯ ಫಲವಾಗಕೂಡದು. ಸಚಿವಾಲಯ ಎರಡು, ಸರ್ಕಾರ ಒಂದು ಎಂಬ ಸಂಗತಿಯತ್ತ ಮಗುವಿನ ಪ್ರಶ್ನೆ ತಿರುಗಬೇಕಾದರೆ ಎರಡು ಬರಹಗಳನ್ನು ಅಕ್ಕಪಕ್ಕ ಇಡಬೇಕು: ಗೋಡೆಯ ಎಚ್ಚರಿಕೆ ಮತ್ತು ಹರಾಜಿನ ಚೀಟಿ. ಯಾವುದು ನಮ್ಮ ಮನೆಗೆ ಬರೆದದ್ದು? ಯಾವುದರಲ್ಲಿ ನಮ್ಮ ಹೆಸರಿದೆ?

ಈ ಸೀಮೆಯ ಆಡುನುಡಿಯಲ್ಲಿ ಹಕಾರ ಬಹುಮಟ್ಟಿಗೆ ಲೋಪವಾಗುತ್ತದೆ. ಹಾಲು ‘ಆಲು’, ಹುಣಸೂರು ‘ಉಣ್ಸೂರು’, ಹೊಗೆಸೊಪ್ಪು ‘ಒಗೆಸೊಪ್ಪು’. ‘ಹ’ ಅಕ್ಷರದ ಕಾರ್ಡು ಬಂದ ದಿನ ಮಗು ಕಲಿಯುವುದು ಒಂದು ಅಕ್ಷರವನ್ನಷ್ಟೇ ಅಲ್ಲ. ತನ್ನ ಮನೆಯವರ ಬಾಯಲ್ಲಿ ಒಂದು ಕೊರತೆಯಿದೆ ಎಂಬುದನ್ನು. ಆಮೇಲೆ ‘ಅಕ್ಕಿ’ಯನ್ನೂ ‘ಹಕ್ಕಿ’ಯೆಂದು ಅತಿಶುದ್ಧಿಗೊಳಿಸಿ ನಗೆಗೀಡಾಗುತ್ತದೆ. ಬರಹ ಯಾರ ಉಚ್ಚಾರವನ್ನು ಪ್ರಮಾಣವೆಂದು ಹಿಡಿದಿದೆ ಎಂಬ ಪ್ರಶ್ನೆಯನ್ನು ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳ ಸಂಬಂಧದಲ್ಲಿ ಎತ್ತಿದರು. ಅವರ ಲಿಪಿಸುಧಾರಣೆಯನ್ನು ನಾವು ಇಡಿಯಾಗಿ ಒಪ್ಪುವವರಲ್ಲ. ಹಕಾರ ಮಹಾಪ್ರಾಣವೂ ಅಲ್ಲ. ಆದರೆ ಪ್ರಶ್ನೆಯನ್ನು ವಿದ್ವತ್ ಚರ್ಚೆಯಿಂದ ಒಂದನೆಯ ತರಗತಿಗೆ ಇಳಿಸುವುದು ಕಷ್ಟವಲ್ಲ. ‘ಮನೇಲಿ ಹಿಂಗಂತೀವಿ, ಬರೆಯುವಾಗ ಹಿಂಗೆ ಬರೀತೀವಿ’ ಎಂದು ಎರಡು ಕಾಲಮ್ಮು ಎಳೆದರೆ ಸಾಕು. ‘ತಪ್ಪು’ ಎಂಬ ಪದ ಎರಡರಲ್ಲಿಯೂ ಬರಬಾರದು.

ಕೋಟೆ ಮತ್ತು ಹುಣಸೂರಿನ ಕಾಡಂಚಿನ ಹಾಡಿಗಳಲ್ಲಿ ಅಂತರ ಇನ್ನೂ ದೊಡ್ಡದು. ಜೇನುಕುರುಬರ ಮಗುವಿಗೆ ಕಾರ್ಡಿನ ಕನ್ನಡ ಮನೆಮಾತಲ್ಲ. ಆ ಮಗು ಕಾಣುವ ಪಠ್ಯಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದದ್ದು ಕಾಡಿನ ಅಂಚಿನಲ್ಲಿ ನೆಟ್ಟ, ಅತಿಕ್ರಮ ಪ್ರವೇಶವನ್ನು ‘ನಿಷೇಧಿಸಲಾಗಿದೆ’ ಎನ್ನುವ ಬಗೆಯ ಫಲಕ. ಈ ಕ್ರಿಯಾರೂಪ ವ್ಯಾಕರಣ ದೃಷ್ಟಿಯಿಂದ ಗಮನಾರ್ಹ. ‘-ಅಲ್ಪಡು’ ಕರ್ಮಣಿಯಲ್ಲಿ ‘ಇಂದ’ ಹಚ್ಚಿ ಕರ್ತೃವನ್ನು ಹೇಳಬಹುದು. ‘-ಅಲಾಗು’ ರೂಪ ಹಾಗಲ್ಲ: ಅದು ದ್ವಿತೀಯೆಯನ್ನು ಉಳಿಸಿಕೊಂಡೇ ಕರ್ತೃವನ್ನು ಹೊರಗಟ್ಟುತ್ತದೆ, ಕರ್ತೃವಿಗೆ ಮರಳಿ ಬರಲು ಸ್ಥಾನವನ್ನೇ ಬಿಡುವುದಿಲ್ಲ. ಆಡುಮಾತಿನಲ್ಲಿ ಈ ರೂಪ ಅಪರೂಪ. ಕಚೇರಿಯ ಕನ್ನಡದಲ್ಲಿ ಅದೇ ಉಸಿರು. ಹಿರಿಯರು ಜೇನು ಕೀಳಲು ಹೋಗುತ್ತಿದ್ದ ಕಾಡಿಗೆ ಪ್ರವೇಶವನ್ನು ಯಾರು ನಿಷೇಧಿಸಿದರು ಎಂಬ ಪ್ರಶ್ನೆಗೆ, 2006ರ ಅರಣ್ಯ ಹಕ್ಕುಗಳ ಕಾಯ್ದೆಯ ಬಳಿಕವಂತೂ, ನಿಜವಾದ ಉತ್ತರವಿರಬೇಕು. ವಾಕ್ಯ ಅದನ್ನು ಕೊಡುವುದಿಲ್ಲ. ಮೂರನೆಯ ತರಗತಿಯ ಮಕ್ಕಳು ಈ ವಾಕ್ಯವನ್ನು ಆಡುಮಾತಿಗೆ ತಿರುಗಿಸಲು ಕುಳಿತರೆ ‘ಒಳಗೆ ಬರಬೇಡಿ ಅಂತ…’ ಎಂದು ತೊಡಗಿ ‘ಅಂತ’ದ ಮುಂದೆ ತೊದಲಲೇಬೇಕಾಗುತ್ತದೆ, ಏಕೆಂದರೆ ಅಲ್ಲಿ ಆಡುಗನ್ನಡ ಒಬ್ಬ ಹೇಳುವವನನ್ನು ಬೇಡುತ್ತದೆ. ಆ ತೊದಲು ನಮ್ಮ ದೃಷ್ಟಿಯಲ್ಲಿ ಓದಿನ ಸಾಧನೆ.

ಆದರೆ ಅದನ್ನು ಅಳೆಯುವ ಅಂಕಣ ಪ್ರಗತಿನೋಟದಲ್ಲಿಲ್ಲ. 2021ರ ಜುಲೈಯಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದಗಳ ಅರ್ಥಪೂರ್ಣ ಓದನ್ನು ಗುರಿಯಾಗಿಸಿದೆ. ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸಿಕೊಂಡು ಹೋಗುವ ಕನ್ನಡದಲ್ಲಿ ‘ಪದ’ವೆಂಬ ಮಾನದಂಡವೇ ಅಲುಗಾಡುವಂಥದ್ದು: ‘ಮಗ’ವೂ ಒಂದು ಪದ, ‘ಮಗನಿಂದಲಾದರೂ’ ಎಂಬುದೂ ಒಂದು. ಅರ್ಥಪೂರ್ಣವೆಂಬ ವಿಶೇಷಣ ದಾಖಲೆಯಲ್ಲಿದೆ; ನಿಮಿಷ ಎಣಿಸುವ ಕೈ ಎಣಿಸುವುದು ಪದಗಳನ್ನು. ‘ಅಂತ’ದ ಮುಂದೆ ತೊದಲಿದ ಮಗು ಆ ಎಣಿಕೆಯಲ್ಲಿ ಹಿಂದುಳಿಯುತ್ತದೆ.

ನಾವು ಸೂಚಿಸುವ ಬದಲಾವಣೆ ಸಣ್ಣದು, ಆದರೆ ಅಗ್ಗದ್ದಲ್ಲ. ಸಹಪಾಠಿಗಳ ಸಹಾಯದ ಎರಡು ತಟ್ಟೆಗಳು ಈಗಾಗಲೇ ಇವೆ. ಪ್ರತಿ ಮೈಲಿಗಲ್ಲಿನ ಓದುವ ಕಾರ್ಡಿಗೆ ಒಂದು ಮಾತಿನ ಕಾರ್ಡನ್ನು ಜೋಡಿಸಬಹುದು: ಬರಹವಿಲ್ಲದ, ಚಿತ್ರವಷ್ಟೇ ಇರುವ, ದೊಡ್ಡ ಮಗು ಚಿಕ್ಕ ಮಗುವನ್ನು ಕೇಳುವಂಥದ್ದು. ಅದು ರಾಜ್ಯಕ್ಕೆಲ್ಲ ಒಂದೇ ಆಗಿ ಅಚ್ಚಾಗಕೂಡದು. ಹೋಬಳಿಯ ಶಿಕ್ಷಕರು, 1995ರಲ್ಲಿ ಕೋಟೆಯವರು ಮಾಡಿದಂತೆ, ಕುಳಿತು ಮಾಡಬೇಕು. ಅದಕ್ಕೆ ಅವರಿಗೆ ದಿನಗಳು ಬೇಕು, ಕಾಗದ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹೊಗೆಸೊಪ್ಪಿನ ಕಾರ್ಡನ್ನೋ ಕಾಡಂಚಿನ ಫಲಕದ ಕಾರ್ಡನ್ನೋ ಬರೆದ ಶಿಕ್ಷಕಿಯಿಂದ ಯಾರೂ ವಿವರಣೆ ಕೇಳುವುದಿಲ್ಲವೆಂಬ ಭರವಸೆ ಬೇಕು. ಮೊದಲೆರಡನ್ನು ಇಲಾಖೆ ಸುತ್ತೋಲೆಯಲ್ಲಿ ಕೊಡಬಹುದು. ಮೂರನೆಯದನ್ನು ಕೊಡುವ ಸುತ್ತೋಲೆಯ ವಾಕ್ಯ ‘-ಅಲಾಗಿದೆ’ ಎಂದು ಮುಗಿಯದೆ, ಕೊಡುವವರ ಹೆಸರಿನಿಂದ ತೊಡಗಬೇಕಾಗುತ್ತದೆ.